ಎರಡು ಬಾಗಿಲುಗಳ ನಡುವಿನ ಅಂತರಾಳ

ಊರಿಗೊಂದು ಅಗಸಿಯನ್ನೂ ವಾಡೆಗೊಂದು ಹೆಬ್ಬಾಗಿಲನ್ನೂ ಕಂಡುಬೆಳೆದ ಕೊಡಂಬಲ, ಹುಮನಾಬಾದುಗಳ ಕಡೆಯ ಜನರಿಗೆ ಬಾಗಿಲ ಹಿಂದೆ ಬಾಗಿಲೆಂಬುದು ಹೊಸತಲ್ಲ; ಆದರೂ ಪಟ್ಟಣದ ದೊಡ್ಡ ಆಸ್ಪತ್ರೆಯನ್ನು ಹೊಕ್ಕಾಗ, ಒಂದು ಗಾಜಿನ ಬಾಗಿಲು ದಾಟಿದ ನಾಲ್ಕು ಹೆಜ್ಜೆಗೇ ಮತ್ತೊಂದೇಕೆ ಎದುರಾಗುತ್ತದೆಂದು ವಿಸ್ಮಯಪಡುವವರುಂಟು.

ಇದರ ಮರ್ಮವನ್ನು ಬೀದರಿನ ಕೋಟೆಯಲ್ಲಿ ಕಣ್ಣಾರೆ ಕಾಣಬಹುದು. 15ನೆಯ ಶತಮಾನದಲ್ಲಿ ಬಹಮನಿ ಸುಲ್ತಾನ ಅಹಮದ್ ಶಾಹನು ರಾಜಧಾನಿಯನ್ನಾಗಿಸಿಕೊಂಡ ಆ ದುರ್ಗವನ್ನು ಪ್ರವೇಶಿಸುವವನು, ಹುಲಿಗಳ ಉಬ್ಬುಶಿಲ್ಪವುಳ್ಳ ಶರ್ಜಾ ದರವಾಜವನ್ನು ದಾಟಿ, ಡೊಂಕಾದ ಹಾದಿಯಲ್ಲಿ ನಡೆದು, ಬಳಿಕವೇ ಗುಮ್ಮಟ ಹೊತ್ತ ಗುಂಬದ್ ದರವಾಜವನ್ನು ಸೇರಬೇಕು. ಹೊರಬಾಗಿಲನ್ನು ಮುರಿದ ಶತ್ರು ಕೋಟೆಯನ್ನು ಗೆದ್ದವನಲ್ಲ. ಎರಡು ದ್ವಾರಗಳ ನಡುವಿನ ಇಕ್ಕಟ್ಟಿನಲ್ಲಿ, ಗೋಡೆಯ ಮೇಲಿನ ಕಾವಲಿನವರ ಕಣ್ಣೆದುರು ಸಿಕ್ಕಿಬಿದ್ದವನು. ಬಾಗಿಲಿಗಿಂತಲೂ ಆ ನಡುವಣ ಎಡೆಯೇ ರಕ್ಷಣೆಯ ಜೀವಾಳವೆಂದು ನನ್ನ ಭಾವನೆ.

ಇಂದಿನ ಮಹಾಸೌಧಗಳಲ್ಲಿ ತಡೆಯಬೇಕಾದದ್ದು ಗಾಳಿಯನ್ನು. ಬಿಸಿಗಾಳಿ ಹಗುರ, ತಂಪುಗಾಳಿ ಭಾರ. ಆದುದರಿಂದ ಚಳಿಯ ದೇಶಗಳಲ್ಲಿ ಬೆಚ್ಚಗಿರಿಸಿದ ಎತ್ತರದ ಕಟ್ಟಡವು ಹೊಗೆಗೂಡಿನಂತೆ ವರ್ತಿಸಿ, ಮೇಲ್ಗಡೆಯಿಂದ ಗಾಳಿಯನ್ನು ಹೊರಗಟ್ಟುತ್ತ ಕೆಳಬಾಗಿಲಿನಿಂದ ಶೀತವನ್ನು ಸೆಳೆದುಕೊಳ್ಳುತ್ತದೆ. ನಮ್ಮ ಸೀಮೆಯ ಬೇಸಗೆಯಲ್ಲಿ ಎ.ಸಿ. ಹಾಕಿದ ಕಟ್ಟಡದಲ್ಲಿ ಇದೇ ಕ್ರಿಯೆ ತಲೆಕೆಳಗಾಗಿ, ತಂಪೆಲ್ಲ ಕೆಳಬಾಗಿಲಿನಿಂದ ಹರಿದುಹೋಗುತ್ತದೆ. ಒಳಹೊರಗಿನ ಒತ್ತಡಗಳ ಅಂತರ 50 ಪ್ಯಾಸ್ಕಲ್‌ನಷ್ಟಾದರೆ, 2 ಚದರ ಮೀಟರಿನ ಬಾಗಿಲೊಂದರ ಮೇಲೆ ಸುಮಾರು 10 ಕಿಲೋ ತೂಕದಷ್ಟು ಬಲ ಬೀಳುತ್ತದೆ. ಮುದುಕರೂ ಮಕ್ಕಳೂ ಅದನ್ನು ತಳ್ಳಲು ಪಡುವ ಕಷ್ಟ ಊಹಿಸತಕ್ಕದ್ದೇ.

ಎರಡು ಬಾಗಿಲುಗಳಿದ್ದು, ಒಂದು ತೆರೆದಾಗ ಮತ್ತೊಂದು ಮುಚ್ಚಿದ್ದರೆ, ಗಾಳಿಗೆ ನೇರವಾದ ದಾರಿ ದೊರೆಯದು. ನಡುವಣ ಪುಟ್ಟ ಕೋಣೆಯಷ್ಟು ಗಾಳಿ ಮಾತ್ರ ಅದಲುಬದಲಾಗುತ್ತದೆ. ಹಿಂದಿನ ಬಾಗಿಲು ಮುಚ್ಚುವಷ್ಟು ಹೊತ್ತು ಬರುವವನು ಮಧ್ಯದಲ್ಲಿರಬೇಕಾದುದರಿಂದಲೇ ಅವೆರಡರ ನಡುವೆ ಕನಿಷ್ಠ 7 ಅಡಿ ಅಂತರವಿರಬೇಕೆಂದು ಅಮೆರಿಕದ ಕಟ್ಟಡ ನಿಯಮಗಳು ವಿಧಿಸಿವೆ. ಜನಸಂದಣಿಯಲ್ಲಿ ಎರಡೂ ಒಮ್ಮೆಗೇ ತೆರೆದುಕೊಂಡರೆ ಮಾತ್ರ ಈ ಏರ್ಪಾಡೆಲ್ಲ ವ್ಯರ್ಥ.

ಈ ಕೊರತೆಯನ್ನು ನೀಗುವಂತಹುದು, ಫಿಲಡೆಲ್ಫಿಯದ ಥಿಯೋಫಿಲಸ್ ವ್ಯಾನ್ ಕ್ಯಾನೆಲ್ 1888ರಲ್ಲಿ ಪೇಟೆಂಟ್ ಪಡೆದ ತಿರುಗುಬಾಗಿಲು: ಅದು ಹೇಗೆ ತಿರುಗಿದರೂ ಅದರ ರೆಕ್ಕೆಗಳಲ್ಲಿ ಕೆಲವು ಸದಾ ಗೋಡೆಗೆ ತಾಗಿಕೊಂಡೇ ಇರುತ್ತವೆ. ಆದರೆ ಸ್ಟ್ರೆಚರ್ ಮತ್ತು ಗಾಲಿಕುರ್ಚಿಗಳಿಗೆ ಅದು ಒಗ್ಗದಿರುವುದರಿಂದ, ಅದರ ಪಕ್ಕದಲ್ಲಿ ಸಾಮಾನ್ಯ ಬಾಗಿಲೊಂದನ್ನೂ ಇಡಲೇಬೇಕಾಗುತ್ತದೆ.