ಒಂದು ಗಂಟೆ ದೀಪ ಆರಿಸುವ ಊರು

ಇಂಗ್ಲೆಂಡಿನ ನೈರುತ್ಯ ತುದಿಯ ಕಾರ್ನ್‌ವಾಲ್ ಸೀಮೆಯಲ್ಲಿ ಮೀನುಗಾರರ ಒಂದು ಪುಟ್ಟ ಊರಿದೆ. ಹೆಸರನ್ನು ಬರೆಯುವುದು ‘ಇಲಿಬಿಲ’ ಎಂಬ ಅರ್ಥ ಬರುವ ಹಾಗೆ, ಅಲ್ಲಿಯವರು ಕರೆಯುವುದು ಮಾತ್ರ ‘ಮೌಝಲ್’ ಎಂದು. ಕ್ರಿಸ್‌ಮಸ್ ಹತ್ತಿರವಾದಾಗ ಅಲ್ಲಿನ ಬಂದರಿನ ತುಂಬ ಬಣ್ಣದ ದೀಪಗಳು. ಅವನ್ನು ನೋಡಲೆಂದೇ ದೂರದ ಊರುಗಳಿಂದ ಜನ ಬರುತ್ತಾರೆ. ಆದರೆ ಪ್ರತಿವರ್ಷ ಡಿಸೆಂಬರ್ 19ರ ರಾತ್ರಿ ಎಂಟು ಗಂಟೆಗೆ ಆ ದೀಪಗಳೆಲ್ಲ ಆರುತ್ತವೆ. ಒಂದು ಶಿಲುಬೆ ಮತ್ತು ಎರಡು ದೇವದೂತರ ಆಕೃತಿಗಳಷ್ಟೇ ಕತ್ತಲಲ್ಲಿ ಉರಿಯುತ್ತಿರುತ್ತವೆ. ಒಂದು ಗಂಟೆಯ ನಂತರ ಮತ್ತೆ ಎಲ್ಲ ದೀಪಗಳೂ ಹತ್ತುತ್ತವೆ.

ಆ ಒಂದು ಗಂಟೆಯ ಕತ್ತಲು ಎಂಟು ಜನರ ನೆನಪಿಗೆ. ಅವರ್ಯಾರೂ ಸೈನಿಕರಲ್ಲ, ಪೊಲೀಸರಲ್ಲ. ಅಂದು ಅವರು ಮಾಡಿದ ಕೆಲಸಕ್ಕೆ ಸಂಬಳವೂ ಇರಲಿಲ್ಲ. ಊರಿನ ಲೈಫ್‌ಬೋಟ್ ಕೇಂದ್ರದ ಸ್ವಯಂಸೇವಕರು ಅವರು.

ಲೈಫ್‌ಬೋಟ್ ಎಂದ ಕೂಡಲೇ ನಮಗೆ ನೆನಪಾಗುವುದು ಟೈಟಾನಿಕ್ ಸಿನಿಮಾದಲ್ಲಿ ಹಡಗಿನ ಪಕ್ಕಕ್ಕೆ ತೂಗುಹಾಕಿದ್ದ ದೋಣಿಗಳು. ಇದು ಅದಲ್ಲ. ಇದು ದಡದಲ್ಲಿ ಸದಾ ಸಜ್ಜಾಗಿ ನಿಂತಿರುವ ದೋಣಿ. ಯಾರೋ ಕಡಲಲ್ಲಿ ಸಿಕ್ಕಿಬಿದ್ದಿದ್ದಾರೆಂಬ ಸುದ್ದಿ ಬಂದರೆ ಊರಿನವರು ಮಾಡುತ್ತಿದ್ದ ಕೆಲಸ ಬಿಟ್ಟು ಓಡಿಬಂದು ಅದನ್ನು ನೀರಿಗಿಳಿಸುತ್ತಾರೆ. ಎಲ್ಲರೂ ದಡ ಸೇರಲು ಹವಣಿಸುವ ಹವಾಮಾನದಲ್ಲಿ ಈ ದೋಣಿ ಕಡಲಿಗೆ ಹೊರಡುತ್ತದೆ.

ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ ಇಂಥ 230ಕ್ಕೂ ಹೆಚ್ಚು ಕೇಂದ್ರಗಳಿವೆ. ಅವನ್ನು ನಡೆಸುವುದು ‘ರಾಯಲ್ ನ್ಯಾಷನಲ್ ಲೈಫ್‌ಬೋಟ್ ಇನ್‌ಸ್ಟಿಟ್ಯೂಷನ್’ ಎಂಬ ಸೇವಾಸಂಸ್ಥೆ. 1824ರಲ್ಲಿ ಇದನ್ನು ಹುಟ್ಟುಹಾಕಿದವರು ಸರ್ ವಿಲಿಯಂ ಹಿಲರಿ. ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ನೆಲೆಸಿದ್ದ ಅವರು ಮನೆಯೆದುರಿನ ಕೊಲ್ಲಿಯಲ್ಲೇ ಹಡಗುಗಳು ಒಡೆದು ಜನ ಸಾಯುವುದನ್ನು ಕಂಡಿದ್ದರು. ಮನವಿಪತ್ರ ಬರೆದು ಸುಮ್ಮನೆ ಕೂರುವ ಜಾಯಮಾನದವರಲ್ಲ ಅವರು. 1830ರಲ್ಲಿ ಸೇಂಟ್ ಜಾರ್ಜ್ ಎಂಬ ಹಡಗು ಬಂಡೆಗೆ ಸಿಕ್ಕಿಕೊಂಡಾಗ, ಅರವತ್ತರ ಆಸುಪಾಸಿನ ವಯಸ್ಸಿನಲ್ಲಿ ತಾವೇ ದೋಣಿ ಹತ್ತಿ ಹೋದರು. ಅಲೆಯ ಹೊಡೆತಕ್ಕೆ ನೀರಿಗೆ ಬಿದ್ದು ಪಕ್ಕೆಲುಬು ಮುರಿದುಕೊಂಡರು. ಹಡಗಿನಲ್ಲಿದ್ದವರೆಲ್ಲ ಉಳಿದರು.

ಸಂಸ್ಥೆ ದೊಡ್ಡದಾದರೂ ಅದರ ಜೀವ ಇರುವುದು ಊರೂರಿನ ಕೇಂದ್ರಗಳಲ್ಲಿ. ಮೌಝಲ್ ಪಕ್ಕದ ಪೆನ್‌ಲೀ ಕೇಂದ್ರದ ಬೇರುಗಳು ಹಳೆಯವು. ಕಾರ್ನ್‌ವಾಲ್‌ನ ಮೊದಲ ಲೈಫ್‌ಬೋಟ್ ಬಂದದ್ದು ಇದೇ ಕೊಲ್ಲಿಯ ಪೆನ್‌ಝಾನ್ಸ್ ಪಟ್ಟಣಕ್ಕೆ, 1803ರಲ್ಲಿ. ಆದರೆ ಅದು ಒಂದೇ ಒಂದು ರಕ್ಷಣೆಗೂ ಹೋಗದೆ ಕೆಲವೇ ವರ್ಷಗಳಲ್ಲಿ ಮಾರಾಟವಾಯಿತು. ಚಂದಾ ಎತ್ತಿ ದೋಣಿ ತರುವುದು ಸುಲಭ, ಅದರ ಹಿಂದೆ ನಿಲ್ಲುವ ಜನರನ್ನು ಕಟ್ಟುವುದು ಕಷ್ಟ. ನಮ್ಮ ಕಾಲೇಜುಗಳಲ್ಲಿ ಉತ್ಸಾಹದಿಂದ ಶುರುವಾಗಿ ಬೀಗ ಬಿದ್ದ ಎಷ್ಟೋ ಸಂಘಗಳನ್ನು ನೆನೆದರೆ ಈ ಮಾತು ಅರ್ಥವಾದೀತು.

ಮುಂದೆ ಕೇಂದ್ರ ಮತ್ತೆ ತಲೆಯೆತ್ತಿತು. 1913ರಲ್ಲಿ ಮೌಝಲ್ ಸಮೀಪದ ಪೆನ್‌ಲೀ ಪಾಯಿಂಟ್ ಎಂಬಲ್ಲಿ ದೋಣಿಮನೆ ಎದ್ದಿತು. ಅದರ ಬಾಗಿಲು ತೆರೆದರೆ ನೇರ ಕಡಲಿಗಿಳಿಯುವ ಕಡಿದಾದ ಜಾರುದಾರಿ. ಕೊಂಡಿ ಕಳಚಿದರೆ ಸಾಕು, ದೋಣಿ ಜಾರಿ ಅಲೆಗಳ ನಡುವೆ ಬೀಳುತ್ತದೆ. ಇಲ್ಲಿಂದ ಹೊರಟ ದೋಣಿಗಳ ದಾಖಲೆಯಲ್ಲಿ ಕೆಲವು ಅಡ್ಡಹೆಸರುಗಳು ಮತ್ತೆ ಮತ್ತೆ ಕಾಣುತ್ತವೆ. 1936ರಲ್ಲಿ ಟೇಕ್ರೇಗ್ ಎಂಬ ಹಡಗಿನವರನ್ನು ಉಳಿಸಿ ಕಂಚಿನ ಪದಕ ಪಡೆದವರು ಫ್ರಾಂಕ್ ಬ್ಲೂಯೆಟ್. 1947ರಲ್ಲಿ, ಗುಜರಿಗೆಂದು ಎಳೆದೊಯ್ಯುತ್ತಿದ್ದ ಹಳೆಯ ಯುದ್ಧನೌಕೆ ವಾರ್‌ಸ್ಪೈಟ್ ಬಿರುಗಾಳಿಗೆ ಸಿಕ್ಕು ಬಂಡೆಗಳ ಮೇಲೆ ಕೂತಾಗ ಅದರ ಸಿಬ್ಬಂದಿಯನ್ನು ಕರೆತಂದು ಬೆಳ್ಳಿ ಪದಕ ಪಡೆದವರು ಎಡ್ವಿನ್ ಮ್ಯಾಡ್ರನ್. 1981ರ ತಂಡದಲ್ಲೂ ಒಬ್ಬ ಬ್ಲೂಯೆಟ್, ಒಬ್ಬ ಮ್ಯಾಡ್ರನ್ ಇದ್ದರು.

1981ರ ಡಿಸೆಂಬರ್ 19, ಶನಿವಾರ. ಯೂನಿಯನ್ ಸ್ಟಾರ್ ಎಂಬ ಹೊಚ್ಚಹೊಸ ಸರಕು ಹಡಗು ತನ್ನ ಮೊದಲ ಯಾನದಲ್ಲಿತ್ತು. ನೆದರ್ಲೆಂಡ್ಸ್‌ನಿಂದ ಐರ್ಲೆಂಡಿಗೆ ಗೊಬ್ಬರ ಸಾಗಿಸುತ್ತಿತ್ತು. ಕ್ರಿಸ್‌ಮಸ್‌ಗೆ ಒಟ್ಟಿಗಿರೋಣ ಎಂದು ಕ್ಯಾಪ್ಟನ್ ದಾರಿಯಲ್ಲಿ ಹೆಂಡತಿ ಮತ್ತು ಹದಿಹರೆಯದ ಇಬ್ಬರು ಮಲಮಕ್ಕಳನ್ನೂ ಹತ್ತಿಸಿಕೊಂಡಿದ್ದರು. ಸಿಬ್ಬಂದಿಯೂ ಸೇರಿ ಹಡಗಿನಲ್ಲಿ ಒಟ್ಟು ಎಂಟು ಮಂದಿ. ಕಾರ್ನ್‌ವಾಲ್ ತೀರದಾಚೆ ಇಂಧನಕ್ಕೆ ಸಮುದ್ರದ ನೀರು ಬೆರೆತು ಎಂಜಿನ್ ನಿಂತಿತು. ಬಿರುಗಾಳಿ ಹಡಗನ್ನು ಬಂಡೆಗಳತ್ತ ತಳ್ಳತೊಡಗಿತು. ಗಾಳಿಯ ವೇಗ ಕೆಲವೊಮ್ಮೆ ಗಂಟೆಗೆ 160 ಕಿಲೋಮೀಟರ್ ದಾಟುತ್ತಿತ್ತು. ಅಲೆಗಳು 60 ಅಡಿಯವರೆಗೆ ಏಳುತ್ತಿದ್ದವು. ನೌಕಾಪಡೆಯ ಹೆಲಿಕಾಪ್ಟರ್ ಬಂದರೂ ಹೊಯ್ದಾಡುವ ಹಡಗಿನಿಂದ ಯಾರನ್ನೂ ಮೇಲಕ್ಕೆಳೆದುಕೊಳ್ಳಲು ಆಗಲಿಲ್ಲ.

ಪೆನ್‌ಲೀ ಕೇಂದ್ರಕ್ಕೆ ಕರೆ ಹೋಯಿತು. ಹನ್ನೆರಡು ಮಂದಿ ಓಡಿಬಂದರು. ದೋಣಿಯ ನಾಯಕನನ್ನು ಅಲ್ಲಿ ‘ಕಾಕ್ಸನ್’ ಎನ್ನುತ್ತಾರೆ, ನಮ್ಮ ಕರಾವಳಿಯ ಬೋಟುಗಳಲ್ಲಿ ತಾಂಡೇಲ ಇದ್ದಂತೆ. ಅಂದಿನ ಕಾಕ್ಸನ್ 56 ವರ್ಷದ ಟ್ರೆವೆಲ್ಯನ್ ರಿಚರ್ಡ್ಸ್. ಕಸುಬಿನಲ್ಲಿ ಟ್ರಾಲರ್ ನಡೆಸುವವರು. 1975ರಲ್ಲಿ ಇಂಥದೇ ಗಾಳಿಯಲ್ಲಿ ದೋಣಿ ಒಯ್ದು ಕಂಚಿನ ಪದಕ ಪಡೆದಿದ್ದ ಅವರಿಗೆ ಮುಂದೇನು ಕಾದಿದೆ ಎಂಬ ಅಂದಾಜಿತ್ತು. ಬಂದವರಲ್ಲಿ ಏಳು ಮಂದಿಯನ್ನು ಆರಿಸಿಕೊಂಡರು. ಸ್ಟೀಫನ್ ಮ್ಯಾಡ್ರನ್, ನೈಜೆಲ್ ಬ್ರಾಕ್‌ಮನ್, ಜಾನ್ ಬ್ಲೂಯೆಟ್, ಚಾರ್ಲ್ಸ್ ಗ್ರೀನ್‌ಹಾಫ್, ಬ್ಯಾರಿ ಟೋರಿ, ಕೆವಿನ್ ಸ್ಮಿತ್, ಗ್ಯಾರಿ ವಾಲಿಸ್. ಬ್ಲೂಯೆಟ್ ಟೆಲಿಫೋನ್ ಎಂಜಿನಿಯರ್. ಗ್ರೀನ್‌ಹಾಫ್ ಊರಿನ ‘ಶಿಪ್ ಇನ್’ ಎಂಬ ಮದ್ಯದಂಗಡಿ ನಡೆಸುತ್ತಿದ್ದವರು, ಎರಡು ದಿನದ ಹಿಂದಷ್ಟೇ ಊರಿನ ಕ್ರಿಸ್‌ಮಸ್ ದೀಪಗಳನ್ನು ಹತ್ತಿಸಿದ್ದವರೂ ಅವರೇ. ಕೆವಿನ್ ಮತ್ತು ಗ್ಯಾರಿ ಇಪ್ಪತ್ತರ ಆಚೀಚಿನ ಹುಡುಗರು, ನಮ್ಮ ವಯಸ್ಸಿನವರು.

ಬಂದವರಲ್ಲಿ ಇನ್ನೊಬ್ಬ ಹುಡುಗನಿದ್ದ. ನೈಜೆಲ್ ಬ್ರಾಕ್‌ಮನ್ ಅವರ 17 ವರ್ಷದ ಮಗ. ಅವನೂ ಸಿದ್ಧನಾಗಿದ್ದ. ಇಂಥ ರಾತ್ರಿ ಒಂದೇ ಮನೆಯ ಇಬ್ಬರನ್ನು ಕರೆದೊಯ್ಯುವುದಿಲ್ಲ ಎಂದ ರಿಚರ್ಡ್ಸ್ ಅವನನ್ನು ದಡದಲ್ಲೇ ಬಿಟ್ಟರು. ಹೋದವರು ತಿರುಗಿ ಬರದೇ ಇರಬಹುದು ಎಂಬುದು ಆ ನಾಯಕನಿಗೆ ಗೊತ್ತಿತ್ತು. ಗೊತ್ತಿದ್ದೂ ಹೊರಟರು.

ರಾತ್ರಿ 8.12ಕ್ಕೆ ‘ಸಾಲಮನ್ ಬ್ರೌನ್’ ನೀರಿಗಿಳಿಯಿತು. 1960ರಿಂದ ಕೇಂದ್ರದಲ್ಲಿದ್ದ 47 ಅಡಿ ಉದ್ದದ ಮರದ ದೋಣಿ ಅದು. ಹಡಗಿನ ಪಕ್ಕಕ್ಕೆ ಹೋಗುವುದು, ಅಲೆ ಎತ್ತಿ ಬಿಸಾಡುವುದು, ಮತ್ತೆ ಹೋಗುವುದು. ಒಮ್ಮೆ ಅಲೆ ಆ ದೋಣಿಯನ್ನೇ ಎತ್ತಿ ಹಡಗಿನ ಮೇಲೆ ಕುಕ್ಕಿತು, ಅಲ್ಲಿಂದ ಅದು ಮತ್ತೆ ನೀರಿಗೆ ಜಾರಿತು. ಆದರೂ ಬಿಡಲಿಲ್ಲ. ನಾಲ್ವರನ್ನು ದೋಣಿಗೆ ಹತ್ತಿಸಿಕೊಂಡಿದ್ದೇವೆ ಎಂಬ ಸುದ್ದಿ ರೇಡಿಯೊದಲ್ಲಿ ಬಂತು. ನಾಲ್ವರು ಸಿಕ್ಕಿದ್ದರಿಂದ ಅಷ್ಟಕ್ಕೇ ಹಿಂದಿರುಗಿದ್ದರೂ ಯಾರೂ ತಪ್ಪು ಹೇಳುತ್ತಿರಲಿಲ್ಲ. ಉಳಿದವರಿಗಾಗಿ ಅವರು ಅಲ್ಲೇ ನಿಂತರು. 9.21ಕ್ಕೆ ರೇಡಿಯೊ ಮಾತು ಅರ್ಧಕ್ಕೇ ನಿಂತಿತು. ದೋಣಿಯ ದೀಪಗಳು ಮತ್ತೆ ಕಾಣಲಿಲ್ಲ. ಎಂಟು ರಕ್ಷಕರು, ಹಡಗಿನ ಎಂಟು ಮಂದಿ, ಹದಿನಾರೂ ಜನ ಹೋದರು. ಸುತ್ತಲ ಕೇಂದ್ರಗಳ ಲೈಫ್‌ಬೋಟ್‌ಗಳು ಅದೇ ಬಿರುಗಾಳಿಯಲ್ಲಿ ಹುಡುಕಲು ಹೊರಟವು. ಅವುಗಳಲ್ಲಿ ಒಂದು ದಡಕ್ಕೆ ಬಂದಾಗ ಅದರ ತಳಕ್ಕೇ ತೂತು ಬಿದ್ದಿತ್ತು. ಮೇಲಿನಿಂದ ಎಲ್ಲವನ್ನೂ ಕಂಡ ಹೆಲಿಕಾಪ್ಟರ್ ಪೈಲಟ್, ಇಷ್ಟು ದೊಡ್ಡ ಧೈರ್ಯವನ್ನು ತಾನು ಬೇರೆಲ್ಲೂ ನೋಡಿಲ್ಲ ಎಂದು ಆಮೇಲೆ ಬರೆದರು.

ನನ್ನನ್ನು ಹೆಚ್ಚು ತಟ್ಟಿದ್ದು ಇದರ ಮುಂದಿನ ಭಾಗ. ಒಂದೇ ರಾತ್ರಿ ಎಂಟು ಜನರನ್ನು ಕಳೆದುಕೊಂಡ ಪುಟ್ಟ ಊರು ಏನು ಮಾಡಬಹುದು? ದೋಣಿಮನೆಗೆ ಬೀಗ ಹಾಕಿದ್ದರೂ ಯಾರೂ ಕೇಳುತ್ತಿರಲಿಲ್ಲ. ಆದರೆ ಒಂದು ದಿನ ಕಳೆಯುವುದರೊಳಗೆ ಹೊಸ ತಂಡಕ್ಕೆ ಬೇಕಾಗುವಷ್ಟು ಜನ ಮೌಝಲ್‌ನಲ್ಲೇ ಹೆಸರು ಕೊಟ್ಟರು. ದುರಂತದ ನಂತರ ಊರಿನ ದೀಪಗಳು ಆರಿದ್ದವು. ಮೂರು ದಿನದ ಬಳಿಕ ಗ್ರೀನ್‌ಹಾಫ್ ಅವರ ಪತ್ನಿ ಮೇರಿ, ಅವನ್ನು ಸರಿಪಡಿಸಿ ಮತ್ತೆ ಹತ್ತಿಸಿ ಎಂದು ಕೇಳಿಕೊಂಡರು. ಗಂಡ ಹತ್ತಿಸಿದ ದೀಪಗಳು ಅವು.

ದೇಶದ ಮೂಲೆಮೂಲೆಯಿಂದ ನೆರವು ಬಂತು. ಸಂತ್ರಸ್ತ ಕುಟುಂಬಗಳಿಗಾಗಿ 30 ಲಕ್ಷ ಪೌಂಡ್‌ಗೂ ಹೆಚ್ಚು ಹಣ ಸೇರಿತು. ಆ ಹಣಕ್ಕೆ ತೆರಿಗೆ ಹಾಕಲು ಹೊರಟ ಸರ್ಕಾರ ಜನರ ಸಿಟ್ಟು ಕಂಡು ಹಿಂದೆ ಸರಿಯಿತು. ರಿಚರ್ಡ್ಸ್ ಅವರಿಗೆ ಮರಣೋತ್ತರವಾಗಿ ಸಂಸ್ಥೆಯ ಚಿನ್ನದ ಪದಕ, ಉಳಿದ ಏಳು ಮಂದಿಗೆ ಕಂಚಿನ ಪದಕ ಸಂದಿತು. 1983ರಲ್ಲಿ ಹೊಸ ದೋಣಿಯೊಂದಿಗೆ ಕೇಂದ್ರ ಪಕ್ಕದ ನ್ಯೂಲಿನ್ ಬಂದರಿಗೆ ಸ್ಥಳಾಂತರವಾಯಿತು. ಹೆಸರು ಮಾತ್ರ ಪೆನ್‌ಲೀ ಎಂದೇ ಉಳಿದಿದೆ. ಹಳೆಯ ದೋಣಿಮನೆಯನ್ನು ಕೆಡವದೆ ಹಾಗೇ ಉಳಿಸಿ, ಪಕ್ಕದಲ್ಲೊಂದು ಸ್ಮಾರಕ ತೋಟ ಮಾಡಿದ್ದಾರೆ.

ದಡದಲ್ಲೇ ಬಿಟ್ಟುಹೋದ ಆ ಹುಡುಗ? ಅವನು ಕಡಲನ್ನು ಬಿಟ್ಟು ಓಡಲಿಲ್ಲ. ಲೈಫ್‌ಬೋಟ್ ತಂಡಕ್ಕೇ ಸೇರಿದ. ಮುಂದೆ ಅದೇ ಪೆನ್‌ಲೀ ಕೇಂದ್ರದ ಕಾಕ್ಸನ್ ಆದ. ಕರೆ ಬಂದ ರಾತ್ರಿಗಳಲ್ಲಿ ಯಾರನ್ನು ಕರೆದೊಯ್ಯಬೇಕು, ಯಾರನ್ನು ಬಿಡಬೇಕು ಎಂದು ತೀರ್ಮಾನಿಸುವ ಹೊಣೆ ಅವನ ಹೆಗಲಿಗೇ ಬಂತು.

ಈಗ ಇಂಥ ಕೇಂದ್ರಗಳ ಬದುಕು ಸಾಕಷ್ಟು ಬದಲಾಗಿದೆ. ಹಿಂದೆ ಆಕಾಶಕ್ಕೆ ಸಿಡಿಬಾಣ ಹಾರಿಸಿ ಜನರನ್ನು ಕರೆಯುತ್ತಿದ್ದರು, ಈಗ ಸೊಂಟದಲ್ಲಿ ಪೇಜರ್ ಕೂಗುತ್ತದೆ. ಹಿಂದೆ ತಂಡದಲ್ಲಿ ಮೀನುಗಾರರೇ ಹೆಚ್ಚಿದ್ದರು, ಈಗ ಬಹುಪಾಲು ಮಂದಿ ಕಡಲಿಗೆ ಸಂಬಂಧವಿಲ್ಲದ ಬೇರೆ ಬೇರೆ ಕೆಲಸದವರು. ಹೆಂಗಸರೂ ಇದ್ದಾರೆ. 1969ರಲ್ಲಿ 18 ವರ್ಷದ ವಿದ್ಯಾರ್ಥಿನಿಯೊಬ್ಬಳು ತರಬೇತಿ ಮುಗಿಸಿ ತಂಡ ಸೇರಿದ ಮೇಲೆ ಆ ಬಾಗಿಲು ತೆರೆಯಿತು. ಬರಿಯ ಧೈರ್ಯಕ್ಕೆ ಇಲ್ಲಿ ಜಾಗವಿಲ್ಲ. ಪೂಲ್ ಎಂಬ ಊರಿನಲ್ಲಿರುವ ಸಂಸ್ಥೆಯ ಕಾಲೇಜಿನಲ್ಲಿ, ದೊಡ್ಡ ಕೊಳವೊಂದರಲ್ಲಿ ಕೃತಕ ಅಲೆ ಎಬ್ಬಿಸಿ, ಮಗುಚಿದ ದೋಣಿಯನ್ನು ನೆಟ್ಟಗೆ ಮಾಡುವುದನ್ನು ಕಲಿಸುತ್ತಾರೆ. ಊರಿನಲ್ಲೂ ಅಭ್ಯಾಸ ನಡೆಯುತ್ತಲೇ ಇರುತ್ತದೆ. ಕಡಲಿಗೆ ಹೋಗಲಾಗದವರು ದೋಣಿ ಇಳಿಸಲು ನೆರವಾಗುತ್ತಾರೆ, ಡಬ್ಬಿ ಹಿಡಿದು ದೇಣಿಗೆ ಎತ್ತುತ್ತಾರೆ, ನೆನಪಿನ ಕಾಣಿಕೆ ಮಾರುವ ಅಂಗಡಿ ನೋಡಿಕೊಳ್ಳುತ್ತಾರೆ. ಒಂದು ದೋಣಿ ಕಡಲಿಗಿಳಿಯಲು ಊರಿಗೆ ಊರೇ ಬೇಕು.

ಕೆಲಸ ಹುಡುಕುತ್ತಿರುವ ನನ್ನಂಥವರಿಗೆ ಪ್ರತಿ ಜಾಹೀರಾತಿನಲ್ಲೂ ಮೊದಲು ಕಣ್ಣಿಗೆ ಬೀಳುವುದು ಸಂಬಳ. ಅದರಲ್ಲಿ ತಪ್ಪೇನಿಲ್ಲ, ಮನೆ ನಡೆಯಬೇಕಲ್ಲ. ಪೆನ್‌ಲೀಯ ಆ ಎಂಟು ಮಂದಿಗೂ ಹೊಟ್ಟೆಪಾಡಿನ ಕೆಲಸ ಬೇರೆಯೇ ಇತ್ತು. ಆದರೆ ಊರು ಕರೆದಾಗ ಏನು ಮಾಡಬೇಕೆಂಬುದನ್ನು ಅವರು ಮೊದಲೇ ಕಲಿತಿಟ್ಟುಕೊಂಡಿದ್ದರು. ಈಜು, ಪ್ರಥಮ ಚಿಕಿತ್ಸೆ, ಎದೆ ಒತ್ತಿ ಉಸಿರು ಮರಳಿಸುವ ವಿಧಾನ, ಇವನ್ನು ಕಲಿಯಲು ನಮಗೂ ನೇಮಕಾತಿ ಪತ್ರ ಬೇಕಿಲ್ಲ. ನಮ್ಮ ಕಡಲಲ್ಲಿ ಯಾರಾದರೂ ಸಿಕ್ಕಿಕೊಂಡಿದ್ದು ಕಂಡರೆ ಕರೆಯಬೇಕಾದ ಕೋಸ್ಟ್ ಗಾರ್ಡ್ ಸಂಖ್ಯೆ 1554. ಕನಿಷ್ಠ ಅದನ್ನಾದರೂ ಇಂದೇ ಮೊಬೈಲಿನಲ್ಲಿ ಉಳಿಸಿಕೊಳ್ಳಿ.

ಮುಂದಿನ ಡಿಸೆಂಬರ್ 19ರಂದೂ ಮೌಝಲ್ ಬಂದರಿನಲ್ಲಿ ಒಂದು ಗಂಟೆ ದೀಪ ಆರುತ್ತದೆ. ಆ ಹೊತ್ತಿನಲ್ಲೂ ನ್ಯೂಲಿನ್ ಬಂದರಿನಲ್ಲಿ ಲೈಫ್‌ಬೋಟ್ ಸಜ್ಜಾಗಿ ನಿಂತಿರುತ್ತದೆ. ಪೇಜರ್ ಕೂಗಿದರೆ ಅದು ಹೊರಡಲೇಬೇಕು.