ನಾಲಿಗೆಗೆ ಕಡಿವಾಣ ಹಾಕುವ ನಡಿಗೆ

ಸಂಜೆ ಆರೂವರೆ. ಕಚೇರಿಯಿಂದ ಆಗತಾನೆ ಮನೆಗೆ ಬಂದಿದ್ದೀರಿ. ಬೆಳಿಗ್ಗೆ ಎರಡೇ ಇಡ್ಲಿ, ಮಧ್ಯಾಹ್ನ ಒಂದು ಮುದ್ದೆ, ಸೊಪ್ಪಿನ ಸಾರು. ವೈದ್ಯರು ಹೇಳಿದ ಪಥ್ಯವನ್ನು ಇಲ್ಲಿಯವರೆಗೆ ಅಚ್ಚುಕಟ್ಟಾಗಿ ಪಾಲಿಸಿದ್ದೀರಿ. ಆದರೆ ಟಿ.ವಿ. ಮುಂದೆ ಕುಳಿತದ್ದೇ ತಡ, ಕೈ ತಾನಾಗಿಯೇ ಕೋಡುಬಳೆ ಡಬ್ಬಿಗೆ ಹೋಗುತ್ತದೆ. ಒಂದೇ ಒಂದು ಎಂದುಕೊಂಡದ್ದು ಐದಾರಾಗುತ್ತದೆ. 'ಸಕ್ಕರೆ ಕಾಯಿಲೆ ಇಟ್ಟುಕೊಂಡು ನಾಲಿಗೆ ಮೇಲೆ ಒಂದಿಷ್ಟೂ ಹಿಡಿತ ಇಲ್ಲವಲ್ಲ ರೀ' ಎಂಬ ಮಾತು ಅಡುಗೆಮನೆಯಿಂದ ಕೇಳಿಬರುತ್ತದೆ. ಅದು ನಿಜವೆಂದು ನಿಮಗೂ ಅನ್ನಿಸಿ ನಾಚಿಕೆಯಾಗುತ್ತದೆ.

ನಾಚಿಕೆ ಬೇಡ. ಬೆಳಿಗ್ಗೆ ಇದ್ದ ಸಂಯಮ ಸಂಜೆಗೆ ಕೈಕೊಟ್ಟರೆ ಅದು ಗುಣದ ದೋಷವೆಂದು ತಿಳಿಯಬೇಕಾಗಿಲ್ಲ. ಸಂಯಮಕ್ಕೂ ದೇಹದಲ್ಲಿ ಒಂದು ಅಂಗವಿದೆ. ಬೇರೆ ಅಂಗಗಳಂತೆ ಅದೂ ದಣಿಯುತ್ತದೆ. ಸಂತೋಷದ ಸಂಗತಿಯೆಂದರೆ, ಅದನ್ನು ಬಲಪಡಿಸಲೂ ಸಾಧ್ಯ.

ಹಣೆಯ ಹಿಂದಿನ ಯಜಮಾನ

ನಿಮ್ಮ ಹಣೆಯ ಹಿಂದೆ, ಮಿದುಳಿನ ಮುಂಭಾಗದಲ್ಲಿ ಒಂದು ಪ್ರದೇಶವಿದೆ. ಮುಂದಾಲೋಚನೆ, ಗಮನ, ಆಸೆಯನ್ನು ತಡೆದು ನಿಲ್ಲಿಸುವುದು ಮುಂತಾದ ಕೆಲಸಗಳಲ್ಲಿ ಇದರ ಪಾತ್ರ ದೊಡ್ಡದು. ಕರಿದ ತಿಂಡಿಯ ವಾಸನೆ ಬಂದೊಡನೆ ಮಿದುಳಿನ ಒಳಭಾಗದ ಕೇಂದ್ರಗಳು 'ಬೇಕು, ಈಗಲೇ ಬೇಕು' ಎನ್ನುತ್ತವೆ. 'ನಾಳೆ ರಕ್ತಪರೀಕ್ಷೆ ಇದೆ, ನೆನಪಿರಲಿ' ಎಂದು ಎಚ್ಚರಿಸುವುದು ಈ ಮುಂಭಾಗ. ನಿದ್ದೆಗೆಟ್ಟಾಗ, ಚಿಂತೆ ಹೆಚ್ಚಿದಾಗ ಇದರ ಹಿಡಿತ ಸಡಿಲಗೊಳ್ಳುತ್ತದೆ. ಆಗ ಗೆಲ್ಲುವುದು ಕೋಡುಬಳೆ ಡಬ್ಬಿಯೇ.

ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು 2014ರಲ್ಲಿ ಪ್ರಯೋಗದಿಂದ ತೋರಿಸಿದರು. ಆರೋಗ್ಯವಂತ ಯುವತಿಯರ ತಲೆಯ ಹೊರಗಿನಿಂದ ಕಾಂತೀಯ ಮಿಡಿತಗಳನ್ನು ಹಾಯಿಸಿ ಈ ಭಾಗದ ಚಟುವಟಿಕೆಯನ್ನು ಸ್ವಲ್ಪ ಹೊತ್ತು ತಗ್ಗಿಸಿದರು. ಆಗ ಅವರಿಗೆ ಕುರುಕಲು ತಿಂಡಿಯ ಆಸೆ ಹೆಚ್ಚಿತು; ತಿಂದ ಪ್ರಮಾಣವೂ ಹೆಚ್ಚಿತು. 2017ರಲ್ಲಿ ಪ್ರಕಟವಾದ ಮತ್ತೊಂದು ಪ್ರಯೋಗದಲ್ಲಿ, ಹೀಗೆ ಚಟುವಟಿಕೆ ತಗ್ಗಿಸಿದ ಮೇಲೆ 20 ನಿಮಿಷ ವ್ಯಾಯಾಮ ಮಾಡಿಸಿದರು. ತೀರ ಹಗುರವಾಗಿ ಮಾಡಿದವರಿಗಿಂತ ಮಧ್ಯಮ ಬಿರುಸಿನಲ್ಲಿ ಮಾಡಿದವರ ಮಿದುಳು ಬೇಗ ಚೇತರಿಸಿಕೊಂಡಿತು.

ಚಾಕೊಲೇಟ್ ಪರೀಕ್ಷೆ

ಇಂಗ್ಲೆಂಡಿನ ಎಕ್ಸಿಟರ್ ವಿಶ್ವವಿದ್ಯಾಲಯದಲ್ಲಿ ನಡೆದ ಇನ್ನೊಂದು ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಅದರಲ್ಲಿದ್ದವರು ದಿನನಿತ್ಯ ಚಾಕೊಲೇಟ್ ತಿನ್ನುವ 78 ಮಂದಿ. ಎರಡು ದಿನ ಅವರಿಗೆ ಚಾಕೊಲೇಟ್ ಬಿಡಿಸಲಾಯಿತು. ಅನಂತರ ಕೆಲವರನ್ನು 15 ನಿಮಿಷ ಬಿರುಸಾಗಿ ನಡೆಸಿ, ಉಳಿದವರನ್ನು ಸುಮ್ಮನೆ ಕೂರಿಸಿ, ಆಮೇಲೆ ಎಲ್ಲರಿಗೂ ಮೇಜಿನ ಕೆಲಸ ಕೊಟ್ಟರು. ಪಕ್ಕದಲ್ಲೇ ಚಾಕೊಲೇಟ್ ಬಟ್ಟಲು! ಸುಮ್ಮನೆ ಕುಳಿತಿದ್ದವರು ಸರಾಸರಿ 28 ಗ್ರಾಂ ತಿಂದರೆ, ನಡೆದು ಬಂದವರು ತಿಂದದ್ದು ಸುಮಾರು 15 ಗ್ರಾಂ. ಯಾರಿಗೂ 'ತಿನ್ನಬೇಡಿ' ಎಂದು ಉಪದೇಶ ಮಾಡಿರಲಿಲ್ಲ.

ಒಂದು ದಿನದ ನಡಿಗೆಯ ಕಥೆ ಇದಾಯಿತು. ನಿತ್ಯದ ಅಭ್ಯಾಸವಾದರೆ? ಅಮೆರಿಕದ ಟೆಕ್ಸಾಸ್‌ನಲ್ಲಿ ವ್ಯಾಯಾಮದ ರೂಢಿಯೇ ಇಲ್ಲದ 2,680 ಯುವಜನರನ್ನು ಸೇರಿಸಿ, ವಾರಕ್ಕೆ ಮೂರು ದಿನ ಅರ್ಧ ಗಂಟೆಯಂತೆ 15 ವಾರಗಳ ವ್ಯಾಯಾಮ ಹಾಕಿಕೊಟ್ಟರು. ಊಟದ ಕ್ರಮ ಬದಲಿಸಬೇಡಿ ಎಂದೇ ಹೇಳಿದ್ದರು. ಆದರೂ 2019ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಅವರ ಒಲವು ಕರಿದ ಪದಾರ್ಥ, ಸೋಡಾಗಳಿಂದ ಹಣ್ಣು ತರಕಾರಿಗಳತ್ತ ವಾಲಿತ್ತು.

ಲೆಕ್ಕ ತಪ್ಪುವುದು ಇಲ್ಲಿ

ನಾವು ನಡಿಗೆಯನ್ನು ಕ್ಯಾಲೊರಿಯಲ್ಲಿ ಅಳೆಯುತ್ತೇವೆ. ಅರ್ಧ ಗಂಟೆ ಬಿರುಸಾಗಿ ನಡೆದರೂ ಖರ್ಚಾಗುವುದು ನೂರೈವತ್ತು ಕ್ಯಾಲೊರಿಯ ಆಸುಪಾಸು. ಎರಡು ಆಂಬೊಡೆ ತಿಂದರೆ ಅದೆಲ್ಲ ವಾಪಸು ಬಂದಂತೆಯೇ! ಉದ್ಯಾನದಲ್ಲಿ ನಾಲ್ಕು ಸುತ್ತು ಹಾಕಿ, ಗೆಳೆಯರೊಡನೆ ನೇರವಾಗಿ ದರ್ಶಿನಿಗೆ ನಡೆದು ವಡೆ ಕಾಫಿ ಮುಗಿಸುವವರ ತೂಕ ಇಳಿಯದಿರುವುದು ಇದಕ್ಕೇ. 'ನಡೆದಿದ್ದೇನೆ, ಆದ್ದರಿಂದ ತಿನ್ನಬಹುದು' ಎಂಬುದು ತಪ್ಪು ಲೆಕ್ಕ. ನಡಿಗೆಯ ದೊಡ್ಡ ಲಾಭ ಕರಗಿದ ಕೊಬ್ಬಿಗಿಂತ, ಡಬ್ಬಿಯ ಮುಂದೆ ನಿಂತಾಗ 'ಸಾಕು' ಎನ್ನುವ ಬಲ ಬರುವುದರಲ್ಲಿದೆ.

ನೀವು ಮಾಡಬೇಕಾದದ್ದು

ಮೊದಲು, ನಿಮ್ಮ ಕೈ ಸಡಿಲವಾಗುವ ಹೊತ್ತು ಯಾವುದೆಂದು ಗುರುತಿಸಿ. ಹೆಚ್ಚಿನವರಿಗೆ ಅದು ಸಂಜೆ. ನಡಿಗೆಯನ್ನು ಆ ಹೊತ್ತಿಗೆ ಮುಂಚೆಯೇ ಇಟ್ಟುಕೊಳ್ಳಿ. ಒಂದೆರಡು ನಿಲ್ದಾಣ ಮೊದಲೇ ಬಸ್ಸಿನಿಂದ ಇಳಿದು 15 ನಿಮಿಷ ಬಿರುಸಾಗಿ ನಡೆದು ಮನೆ ಸೇರಿದರೂ ಸರಿ. ಬಿರುಸು ಎಂದರೆ, ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು.

ವಾರಕ್ಕೆ ಕನಿಷ್ಠ 150 ನಿಮಿಷ ಇಂಥ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸಲಹೆ ನೀಡಿದೆ. ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ ಎಂದಾಯಿತು. ಮಳೆಯಿದ್ದರೆ ಮೆಟ್ಟಿಲು ಹತ್ತಿಳಿಯಿರಿ. ಮಕ್ಕಳನ್ನೂ ಜೊತೆಗೆ ಕರೆದುಕೊಳ್ಳಿ. ಮನೆಯವರು ಗದರುವ ಬದಲು ಜೊತೆಗೆ ಹೆಜ್ಜೆ ಹಾಕಲಿ. ಕರಿದ ತಿಂಡಿಯ ಡಬ್ಬಿ ಅಟ್ಟ ಸೇರಲಿ. ಕೈಗೆಟಕುವಲ್ಲಿ ಪೇರಲೆ, ಸೌತೆಕಾಯಿ ಇರಲಿ. ನಿದ್ದೆ ಕೆಡಿಸಿಕೊಳ್ಳಬೇಡಿ.

ಎಚ್ಚರಿಕೆ

ಹೃದ್ರೋಗ, ಮಂಡಿನೋವು ಇರುವವರು ವೈದ್ಯರನ್ನು ಕೇಳಿಯೇ ಆರಂಭಿಸಬೇಕು. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರಿಗೆ ನಡೆಯುವಾಗ ಬೆವರು, ನಡುಕ, ವಿಪರೀತ ಹಸಿವು ಕಾಣಿಸಿಕೊಂಡರೆ ಅದು ಬಾಯಿಚಪಲವಲ್ಲ. ರಕ್ತದಲ್ಲಿ ಸಕ್ಕರೆ ಇಳಿದಿರಬಹುದು. ಅಲ್ಲೇ ಕುಳಿತು ಸಕ್ಕರೆ ತಿನ್ನಿ. ಜೇಬಿನಲ್ಲಿ ಸಕ್ಕರೆ ಪೊಟ್ಟಣ ಸದಾ ಇರಲಿ.

ಮೊದಲ ವಾರದಲ್ಲೇ ಕೋಡುಬಳೆಯ ಆಸೆ ಹೋಗದು. ಆಸೆ ಇರುತ್ತದೆ, ಇರಲಿ. ಆರು ತಿನ್ನುತ್ತಿದ್ದವರು ಎರಡಕ್ಕೆ ನಿಲ್ಲಿಸಿದರೆ ಅದೇ ಗೆಲುವು. ಇಂದು ಸಂಜೆ ಡಬ್ಬಿಯ ಮುಚ್ಚಳ ತೆಗೆಯುವ ಮೊದಲು, ಚಪ್ಪಲಿ ಮೆಟ್ಟಿ ಒಂದು ಸುತ್ತು ಹೋಗಿ ಬನ್ನಿ.