ಮುದುಕಿ ಪಾರ್ಟು ಮತ್ತು ನಟಿ ಉಮಾಶ್ರೀ



ಈ ಸಲದ ಗೋಡೆ ಪತ್ರಿಕೆಗೆ ಕನ್ನಡ ಮೇಷ್ಟ್ರು ‘ನನ್ನ ಮೆಚ್ಚಿನ ಕಲಾವಿದರು’ ಎಂಬ ವಿಷಯ ಕೊಟ್ಟಿದ್ದಾರೆ. ನಾನು ಉಮಾಶ್ರೀ ಅವರ ಬಗ್ಗೆ ಬರೆಯುತ್ತಿದ್ದೇನೆ. ಯಾಕೆ ಅಂದರೆ ವಾರ್ಷಿಕೋತ್ಸವದ ನಾಟಕದಲ್ಲಿ ನನಗೆ ಮುದುಕಿ ಪಾರ್ಟು ಬಂದಿದೆ. ಅದು ನಿಮಗೆಲ್ಲಾ ಗೊತ್ತು. ಹದಿನೈದು ದಿವಸದಿಂದ ಹಿಂದಿನ ಬೆಂಚಿನವರು ನನ್ನನ್ನು ‘ಅಜ್ಜೀ, ಎಲೆಅಡಿಕೆ ಹಾಕ್ಕೊಂಡ್ಯಾ?’ ಅಂತ ಕೇಳುತ್ತಲೇ ಇದ್ದಾರೆ. ನಾನು ಕೇಳಿದ್ದು ರಾಣಿ ಪಾರ್ಟು. ಅದು ಸಿಗಲಿಲ್ಲ. ಮನೆಗೆ ಹೋಗಿ ಬ್ಯಾಗು ಬಿಸಾಕಿ ಅತ್ತುಬಿಟ್ಟೆ.

ನಮ್ಮಜ್ಜಿ ಆಗ ಅವರೆಕಾಯಿ ಸುಲಿಯುತ್ತಿತ್ತು. ‘ಅಯ್ಯೋ ಮಂಕೇ, ಉಮಾಶ್ರೀ ಮುದುಕಿ ಪಾರ್ಟು ಮಾಡೇ ಅಲ್ವೇನೇ ಮೇಲಕ್ಕೆ ಬಂದಿದ್ದು? ಅವ್ರೂ ನಮ್ ಸೀಮೆಯೋರೇ ಕಣೇ’ ಎಂದಿತು. ಅಜ್ಜಿ ಹೇಳುವುದೆಲ್ಲಾ ಪೂರ್ತಿ ನಿಜ ಇರುವುದಿಲ್ಲ. ಅದಕ್ಕೇ ಮೇಷ್ಟ್ರನ್ನು ಕೇಳಿ, ಪೇಪರುಗಳಲ್ಲಿ ಹುಡುಕಿ ತಿಳಿದುಕೊಂಡೆ. ನಮ್ಮ ಸೀಮೆಯವರು ಅನ್ನುವುದು ನಿಜ. ಉಮಾಶ್ರೀ ಅವರು ಹುಟ್ಟಿದ್ದು 1957ರ ಮೇ 10ರಂದು, ತುಮಕೂರು ಜಿಲ್ಲೆ ತಿಪಟೂರು ತಾಲ್ಲೂಕಿನ ನೊಣವಿನಕೆರೆಯಲ್ಲಿ.

ಅವರು ಮೊದಲು ನಾಟಕದವರು, ಆಮೇಲೆ ಸಿನಿಮಾದವರು. ದೇವನೂರ ಮಹಾದೇವ ಅವರ ‘ಒಡಲಾಳ’ ಎಂಬ ಕಥೆಯನ್ನು ಬೆಂಗಳೂರಿನ ರಂಗಸಂಪದ ತಂಡದವರು ನಾಟಕ ಮಾಡಿದರು. ಸಿ.ಜಿ. ಕೃಷ್ಣಸ್ವಾಮಿ ಅವರು ಅದರ ನಿರ್ದೇಶಕರು. ಅದರಲ್ಲಿ ಸಾಕವ್ವ ಎಂಬ ಮುದುಕಿ ಬರುತ್ತಾಳೆ. ಅವಳ ಹುಂಜ ಕಳೆದುಹೋಗಿರುತ್ತದೆ. ಒಂದು ಹುಂಜಕ್ಕಾಗಿ ಊರೆಲ್ಲಾ ಹುಡುಕುತ್ತಾಳೆ. ಬಡವರ ಮನೆಯಲ್ಲಿ ಒಂದು ಹುಂಜ ಎಂದರೆ ಎಷ್ಟು ಅಂತ ನಮಗೆ ಹೇಳಿಕೊಡಬೇಕಾಗಿಲ್ಲ. ಈ ಸಾಕವ್ವನ ಪಾತ್ರ ಮಾಡಿದಾಗ ಉಮಾಶ್ರೀ ಅವರಿಗೆ ಇನ್ನೂ ಚಿಕ್ಕ ವಯಸ್ಸು. ಈಗಲೂ ನಾಟಕದವರು ಅವರ ಹೆಸರು ಹೇಳಿದರೆ ಮೊದಲು ಸಾಕವ್ವನನ್ನೇ ನೆನೆಸಿಕೊಳ್ಳುತ್ತಾರಂತೆ. ಇದು ನನ್ನ ಮೇಷ್ಟ್ರು ಹೇಳಿದ್ದು.

ಆದರೆ ಸಿನಿಮಾದಲ್ಲಿ ಬೇರೆಯೇ ಆಯಿತು. 1984ರಲ್ಲಿ ಕಾಶೀನಾಥ್ ಅವರ ‘ಅನುಭವ’ ಚಿತ್ರ ಬಂದ ಮೇಲೆ ಅವರು ಎಲ್ಲರಿಗೂ ಗೊತ್ತಾದರು. ಆಮೇಲೆ ಬಂದದ್ದೆಲ್ಲಾ ಹೆಚ್ಚಾಗಿ ಹಾಸ್ಯದ ಪಾರ್ಟುಗಳು. ಎನ್.ಎಸ್. ರಾವ್ ಜೊತೆ ಅವರ ಜೋಡಿ ಬಹಳ ಫೇಮಸ್. ಆ ಸಿನಿಮಾಗಳ ಕೆಲವು ಮಾತುಗಳನ್ನು ಗುರುಗಳು ಓದುವ ಈ ಪತ್ರಿಕೆಯಲ್ಲಿ ಬರೆಯಲು ಆಗುವುದಿಲ್ಲ. ನಮ್ಮ ಅಪ್ಪ ಅಂತಹ ಸೀನು ಬಂದರೆ ಚಾನೆಲ್ ಬದಲಾಯಿಸುತ್ತಾರೆ. ‘ಅವ್ರು ಯಾಕೆ ಅಂಥಾ ಪಾರ್ಟು ಮಾಡಿದ್ರು?’ ಅಂತ ಅಜ್ಜಿಯನ್ನು ಕೇಳಿದೆ. ‘ಎರಡು ಮಕ್ಕಳನ್ನ ಒಬ್ಬರೇ ದುಡಿದು ಸಾಕ್ಬೇಕಿತ್ತು, ಬಂದ ಕೆಲ್ಸ ಬ್ಯಾಡ ಅನ್ನಕಾಗ್ತದಾ?’ ಎಂದಿತು. ಅಜ್ಜಿಯೂ ಅಂಗೆ ಸಾಕಿದ್ದೇ. ಅದಕ್ಕೆ ಗೊತ್ತು.

ಈಗ ನಾನು ಕಂಡುಹಿಡಿದ ಒಂದು ಲೆಕ್ಕ ಹೇಳುತ್ತೇನೆ. 1995ರಲ್ಲಿ ‘ಪುಟ್ನಂಜ’ ಸಿನಿಮಾ ಬಂತು. ಹೀರೋ ರವಿಚಂದ್ರನ್. ಅವರ ಅಜ್ಜಿ ಪುಟ್ಮಲ್ಲಿಯಾಗಿ ಉಮಾಶ್ರೀ ಮಾಡಿದ್ದಾರೆ. ರವಿಚಂದ್ರನ್ ಹುಟ್ಟಿದ್ದು 1961ರಲ್ಲಿ. ಅಂದರೆ ಮೊಮ್ಮಗನಿಗೆ 34 ವರ್ಷ, ಅಜ್ಜಿಗೆ 38 ವರ್ಷ! ನಾಲ್ಕೇ ವರ್ಷ ದೊಡ್ಡವರು. ನನ್ನ ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು. ಅವಳು ನನಗೆ ಅಜ್ಜಿಯ ಹಾಗೆ ಮಾಡಿದರೆ ನಗು ಬರುತ್ತದೆ. ಆದರೆ ಆ ಸಿನಿಮಾ ನೋಡುವಾಗ ಯಾರಿಗೂ ಅವರು 38 ವರ್ಷದವರು ಅಂತ ಅನ್ನಿಸುವುದಿಲ್ಲ. ನಾನು ಎರಡು ಸಲ ನೋಡಿದೆ, ಎರಡು ಸಲವೂ ಮರೆತೇಹೋಯಿತು.

ಎಲ್ಲಕ್ಕಿಂತ ದೊಡ್ಡದು ‘ಗುಲಾಬಿ ಟಾಕೀಸ್’. ವೈದೇಹಿ ಅವರ ಕಥೆ, ಗಿರೀಶ್ ಕಾಸರವಳ್ಳಿ ಅವರ ನಿರ್ದೇಶನ. ಕುಂದಾಪುರದ ಕಡೆ ಮೀನುಗಾರರ ಊರಿನಲ್ಲಿ ಗುಲಾಬಿ ಎಂಬ ಮುಸ್ಲಿಂ ಸೂಲಗಿತ್ತಿ ಇರುತ್ತಾಳೆ. ಗಂಡ ಇನ್ನೊಂದು ಮದುವೆಯಾಗಿ ಇವಳನ್ನು ಬಿಟ್ಟಿರುತ್ತಾನೆ. ಇವಳಿಗೆ ಸಿನಿಮಾ ಅಂದರೆ ಪ್ರಾಣ. ಹೆರಿಗೆ ಮಾಡಿಸಲು ಕರೆಯಲು ಬಂದರೂ ಟಾಕೀಸಿನಿಂದ ಏಳುವುದಿಲ್ಲ ಅನ್ನುವಷ್ಟು. ಹೆರಿಗೆ ಮಾಡಿಸಿದ್ದಕ್ಕೆ ಅವಳಿಗೆ ಬಣ್ಣದ ಟೀವಿ, ಡಿಶ್ ಸಿಗುತ್ತದೆ. ಊರಿನ ಹೆಂಗಸರು ಅವಳ ಗುಡಿಸಲಿಗೆ ಟೀವಿ ನೋಡಲು ಬರುತ್ತಾರೆ. ಆಮೇಲೆ ಕಾರ್ಗಿಲ್ ಯುದ್ಧದ ಸಮಯದಲ್ಲಿ ಊರಿನಲ್ಲಿ ಜಾತಿ ಧರ್ಮ ಅಂತ ಜಗಳ ಹುಟ್ಟುತ್ತದೆ. ಜೊತೆಯಲ್ಲಿ ಕುಳಿತು ಟೀವಿ ನೋಡಿದ ಊರಿನಿಂದಲೇ ಅವಳನ್ನು ದೋಣಿ ಹತ್ತಿಸಿ ಕಳಿಸುತ್ತಾರೆ. ಕೊನೆಗೆ ನನಗೆ ಅಳು ಬಂತು. ಉಮಾಶ್ರೀ ಇದರಲ್ಲಿ ಜೋರಾಗಿ ಮಾತಾಡುವುದೇ ಕಡಿಮೆ. ಟೀವಿ ನೋಡುವಾಗ ಅವರ ಮುಖ ನೋಡಬೇಕು, ಅಷ್ಟೇ. ಈ ಪಾತ್ರಕ್ಕೆ ಅವರಿಗೆ 2007ನೇ ಸಾಲಿನ ಅತ್ಯುತ್ತಮ ನಟಿ ರಾಷ್ಟ್ರ ಪ್ರಶಸ್ತಿ ಬಂತು. ಕನ್ನಡ ಸಿನಿಮಾಕ್ಕೆ ಈ ಪ್ರಶಸ್ತಿ ಅದಕ್ಕೂ ಮುಂಚೆ ‘ಕಾಡು’ ಚಿತ್ರದ ನಂದಿನಿ ಭಕ್ತವತ್ಸಲ ಮತ್ತು ‘ಹಸೀನಾ’ ಚಿತ್ರದ ತಾರಾ ಅವರಿಗೆ ಮಾತ್ರ ಬಂದಿತ್ತು.

ರಾಜಕೀಯಕ್ಕೂ ಹೋದರು. 2013ರಲ್ಲಿ ಬಾಗಲಕೋಟೆ ಜಿಲ್ಲೆಯ ತೇರದಾಳದಿಂದ ಗೆದ್ದು ಮಂತ್ರಿಯಾದರು. 2018ರಲ್ಲಿ ಸೋತರು. 2023ರಲ್ಲಿ ವಿಧಾನ ಪರಿಷತ್ತಿಗೆ ನಾಮಕರಣವಾದರು. ನನಗೆ ಇದರಲ್ಲಿ ಅಷ್ಟು ಆಸಕ್ತಿ ಇಲ್ಲ.

ಅಜ್ಜಿಗೆ ಇಷ್ಟವಾದದ್ದು 2021ರ ಡಿಸೆಂಬರಿನಲ್ಲಿ ಜೀ ಕನ್ನಡದಲ್ಲಿ ಶುರುವಾದ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿ. ಮೂರೂ ಹೆಣ್ಣೇ ಹುಟ್ಟಿದವು ಅಂತ ಗಂಡ ಬಿಟ್ಟುಹೋಗಿರುತ್ತಾನೆ. ಪುಟ್ಟಕ್ಕ ಮೆಸ್ ನಡೆಸಿ ಮಕ್ಕಳನ್ನು ಸಾಕುತ್ತಾಳೆ. ಅದು ಬರುವ ಹೊತ್ತಿಗೆ ನಮ್ಮ ಬೀದಿಯಲ್ಲಿ ಯಾರ ಮನೆ ಮುಂದೆ ಹೋದರೂ ಅದೇ ಕೇಳಿಸುತ್ತಿತ್ತು. ನಮ್ಮ ಮನೆಯಲ್ಲಿಯೂ ನಾವು ಮೂರು ಜನ ಹೆಣ್ಣುಮಕ್ಕಳು. ಹಾಗಾಗಿ ಅಮ್ಮ ಅದನ್ನು ಮಾತಾಡದೆ ನೋಡುತ್ತಿದ್ದರು.

ನಾಟಕದ ಪ್ರಾಕ್ಟೀಸಿಗೆ ಮೊದಲ ದಿನ ನಾನು ಬೆನ್ನು ಬಗ್ಗಿಸಿ, ಕೋಲು ಹಿಡಿದು, ನಡುಗುವ ದನಿ ಮಾಡಿದೆ. ಎಲ್ಲರೂ ನಕ್ಕರು. ಈಗ ಹಾಗೆ ಮಾಡುತ್ತಿಲ್ಲ. ಒಂದು ವಾರದಿಂದ ನಮ್ಮಜ್ಜಿ ಹೇಗೆ ಏಳುತ್ತದೆ ಅಂತ ನೋಡುತ್ತಿದ್ದೇನೆ. ಮೊದಲು ಬಾಗಿಲ ಚೌಕಟ್ಟು ಹಿಡಿಯುತ್ತದೆ, ಆಮೇಲೆ ಒಂದು ಮಂಡಿ, ಆಮೇಲೆ ‘ಶಿವನೇ’ ಅನ್ನುತ್ತದೆ, ಆಮೇಲೆ ಇನ್ನೊಂದು ಮಂಡಿ. ಬೆನ್ನು ನೆಟ್ಟಗೇ ಇರುತ್ತದೆ. ದನಿ ನಡುಗುವುದೇ ಇಲ್ಲ, ನನಗಿಂತ ಜೋರು. ‘ಏನೇ ಅಂಗೆ ಕಣ್ ಬಿಟ್ಕೊಂಡ್ ನೋಡ್ತೀಯಾ?’ ಅಂತ ಬೈಸಿಕೊಂಡೆ.

ನಾಟಕಕ್ಕೆ ಅಜ್ಜಿಯ ಹಳೇ ಸೀರೆ ಕೇಳಿದ್ದೇನೆ. ಕೊಡುತ್ತೇನೆ ಅಂದಿದೆ. ಆದರೆ ಹರಿದ ಸೀರೆ ಕೊಡುವುದಿಲ್ಲವಂತೆ. ‘ನಾಕು ಜನದ ಮುಂದೆ ನಿಂತ್ಕೊಳೋಳು, ಒಳ್ಳೇದೇ ಉಟ್ಕೊಂಡ್ ಹೋಗು’ ಅಂತ ಪೆಟ್ಟಿಗೆ ತೆಗೆಯುತ್ತಿದೆ.

— 7ನೇ ತರಗತಿ ವಿದ್ಯಾರ್ಥಿನಿ